ವಾಲ್ಡೆಮಾರನ ಕೋಣೆ ಮತ್ತು ನನ್ನ ಕುರ್ಚಿ

ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಒಬ್ಬರ ಮೈಬಣ್ಣವನ್ನು ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡುವ ಪದ್ಧತಿಯಿದೆ. ಆ ಒಬ್ಬರು ನಾನಲ್ಲ. (ನಂದು ಏಪ್ರಿಲ್‌ನಿಂದ ಒಂದೇ ಬಣ್ಣ, ಬೂದಿ. ಅದಕ್ಕೆ ಪುಸ್ತಕ ಯಾಕೆ?) ಈ ರಾಜಮರ್ಯಾದೆ ಪಡೆಯುತ್ತಿರುವವನ ಹೆಸರು ವಾಲ್ಡೆಮಾರ್. ಮೂಲ ಯೆಮನ್, ವಯಸ್ಸು ಆರು, ಕುಲ ಗೋಸುಂಬೆ. ಅವನು ಹಸಿರಾಗಿದ್ದರೆ ನಮ್ಮ ಮನೆಯಲ್ಲಿ ಹಬ್ಬ, ಕಪ್ಪಾಗಿದ್ದರೆ ಸೂತಕ. ನಾನು ಯಾವ ಬಣ್ಣದಲ್ಲಿದ್ದರೂ ಮಧ್ಯಾಹ್ನಕ್ಕೆ ಅದೇ ಆಲೂಗಡ್ಡೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ಎಕ್‌ಹಾರ್ಟ್. ಮೂವತ್ತೊಂದು ವರ್ಷ ಈ ವುಪ್ಪರ್ಟಾಲ್ ಊರಿನ ತೂಗುರೈಲು ಓಡಿಸಿದವನು. ನಮ್ಮ ರೈಲಿಗೆ ಹಳಿ ನೆತ್ತಿಯ ಮೇಲೆ; ಡಬ್ಬಿಗಳು ಅದಕ್ಕೆ ಜೋತುಬಿದ್ದುಕೊಂಡು ಓಡುತ್ತವೆ. ಫೋವಿಂಕಲ್ ಬಡಾವಣೆಯಲ್ಲಿ ಅದು ಬೀದಿಯ ಮೇಲೆಯೇ ಹಾದುಹೋಗುವುದರಿಂದ ನಮ್ಮ ಎರಡನೇ ಮಹಡಿಯ ಮುಂಗೋಣೆಯ ಕಿಟಕಿಗೂ ರೈಲಿನ ಕಿಟಕಿಗೂ ಮುಖಾಮುಖಿ ಭೇಟಿ. ಏಪ್ರಿಲ್‌ನಲ್ಲಿ ನನ್ನನ್ನು ನಿವೃತ್ತಿ ಮಾಡಿ, ಒಂದು ಕೇಕ್ ತಿನ್ನಿಸಿ ಮನೆಗೆ ಕಳುಹಿಸಿದರು. ಅಂದಿನಿಂದ ನಾನು ಆ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ರೈಲು ನೋಡುತ್ತಿದ್ದೆ. ಯಾವುದು ತಡ, ಯಾರು ಬ್ರೇಕ್ ಜೋರಾಗಿ ಒತ್ತಿದರು, ಎಲ್ಲ ಗೊತ್ತಾಗುತ್ತಿತ್ತು. ಗೊತ್ತಾಗಿ ಏನಾಗಬೇಕಿತ್ತೋ ಅದು ಮಾತ್ರ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡರೆ ಉರಿಯುತ್ತದೆ: ಮೂವತ್ತೊಂದು ವರ್ಷದಲ್ಲಿ ಒಬ್ಬನೇ ಒಬ್ಬ ಪ್ರಯಾಣಿಕನೂ ನನ್ನತ್ತ ಕೈ ಬೀಸಿರಲಿಲ್ಲ.

ಸೆಪ್ಟೆಂಬರಿನಲ್ಲಿ ನನ್ನ ಹೆಂಡತಿ ರೋಸ್ವಿಥಾಳ ತಮ್ಮ ವಿಲ್‌ಫ್ರೀಡ್ ತೀರಿಕೊಂಡ. ಅವಳ ಬಾಯಲ್ಲಿ ವಿಲ್ಲಿ. ಮದುವೆಯಾಗದವನು, ಮಾತು ಕಡಿಮೆ, ಅಕ್ಕ ಎಂದರೆ ಪ್ರಾಣ. ಆಸ್ಪತ್ರೆಯಲ್ಲಿ ಅವನ ಉಸಿರು ನಿಂತಾಗ ದಾದಿ ಮೆಲ್ಲಗೆ ಹೋಗಿ ಕಿಟಕಿ ತೆರೆದಳು. ಹೋಗುವ ಜೀವಕ್ಕೆ ದಾರಿ ಬಿಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ರೋಸ್ವಿಥಾ ತಮ್ಮನ ಮುಖ ನೋಡಲಿಲ್ಲ, ಆ ಕಿಟಕಿಯನ್ನೇ ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಆಮೇಲೆ ಮನೆಗೆ ಬಂದು ಮಾತು ನಿಲ್ಲಿಸಿಬಿಟ್ಟಳು. ಅಗತ್ಯಕ್ಕೆ ತಕ್ಕಷ್ಟು ಮಾತ್ರ ಆಡುತ್ತಿದ್ದಳು, ಉಪ್ಪು ಕೊಡು, ಬಾಗಿಲು ಹಾಕು, ಅಷ್ಟೆ. ಮೂವತ್ತನಾಲ್ಕು ವರ್ಷ ಬೈಸಿಕೊಂಡು ಬೆಳೆದ ಗಂಡಸಿಗೆ ಆ ಮೌನ ಎಂಥ ಶಿಕ್ಷೆ ಎಂದು ಮದುವೆಯಾದವರಿಗೆ ವಿವರಿಸಬೇಕಿಲ್ಲ.

ವಿಲ್‌ಫ್ರೀಡ್ ಬಿಟ್ಟುಹೋದ ಆಸ್ತಿ ಎಂದರೆ ಗಾಜಿನ ಪೆಟ್ಟಿಗೆಯಲ್ಲಿದ್ದ ಈ ವಾಲ್ಡೆಮಾರ್, ಜೊತೆಗೆ ಅವನ ಬಣ್ಣ ಬರೆದಿಟ್ಟ ಪುಸ್ತಕ. ಪುಸ್ತಕವನ್ನು ರೋಸ್ವಿಥಾ ಮುಂದುವರಿಸಿದಳು. ಅಕ್ಟೋಬರ್ ಇಡೀ ಒಂದೇ ಶಬ್ದ: ಕಪ್ಪು. ಕಪ್ಪು. ಕಪ್ಪು, ಮಿಡತೆ ತಿನ್ನಲಿಲ್ಲ. ಅವಳೂ ಸರಿಯಾಗಿ ತಿನ್ನುವುದನ್ನು ಬಿಟ್ಟಳು. ಇವನೂ ಹೋದರೆ ಇವಳು ಏನಾಗುತ್ತಾಳೋ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಪಶುವೈದ್ಯೆ ಡಾಕ್ಟರ್ ತೀಮೆ ಮನೆಗೇ ಬಂದು ನೋಡಿದರು.

"ಗಾಜಲ್ಲಿ ತನ್ನ ಪ್ರತಿಬಿಂಬಾನೇ ಕಾಣುತ್ತಲ್ಲ, ಇನ್ನೊಬ್ಬ ಗಂಡು ಬಂದು ಕೂತಿದಾನೆ ಅಂದ್ಕೊಂಡಿದಾನೆ. ಹಗಲೆಲ್ಲ ಜಗಳ, ಅದಕ್ಕೇ ಕಪ್ಪು. ಪೆಟ್ಟಿಗೆಯಿಂದ ಹೊರಗೆ ಬಿಡಿ. ಒಂದು ಕೋಣೆ ಪೂರ್ತಿ ಕೊಡಿ, ಗಿಡ ಇಡಿ, ಬಿಸಿ ದೀಪ ಹಾಕಿ, ಗಾಳಿ ತೇವವಾಗಿರಲಿ. ಮುಖ್ಯ ಏನಂದ್ರೆ, ಅವನಿಗೆ ನೆಮ್ಮದಿ ಬೇಕು."

"ಕೋಣೆ ಎಲ್ಲಿದೆ?" ಎಂದಳು ರೋಸ್ವಿಥಾ.

"ನನ್ನದಿದೆಯಲ್ಲ," ಎಂದೆ.

ಅವಳು ನನ್ನನ್ನು ಒಂದು ಕ್ಷಣ ಹೊಸಬನ ಹಾಗೆ ನೋಡಿದಳು. ಸೆಪ್ಟೆಂಬರಿನ ನಂತರ ಅವಳು ನನ್ನನ್ನು ನೋಡಿದ್ದು ಅದೇ ಮೊದಲು. ನನಗೆ ಉತ್ಸಾಹ ಉಕ್ಕಿಬಂತು, ಅನಾಹುತಗಳೆಲ್ಲ ಶುರುವಾಗುವುದು ಅಲ್ಲಿಂದಲೇ.

ಮರುದಿನವೇ ಶ್ರೀ ವಾಲ್ಡೆಮಾರ್ ಸ್ವಚ್ಛಂದ ವಿಹಾರಧಾಮದ ಕಾಮಗಾರಿ ಆರಂಭ. ನನ್ನ ಸಿದ್ಧಾಂತ ಸರಳ: ನೆಲದ ಮೇಲೆ ಇರುವುದೆಲ್ಲ ಅಪಾಯ, ತೂಗುಹಾಕಿದ್ದೆಲ್ಲ ಕ್ಷೇಮ. ಮೂವತ್ತೊಂದು ವರ್ಷದ ಅನುಭವ. ಎರಡು ಫೈಕಸ್ ಗಿಡ, ಮೂರು ದಾಸವಾಳ ತಂದೆ, ಕುಂಡಗಳನ್ನೆಲ್ಲ ಸೂರಿನಿಂದ ಇಳಿಬಿಟ್ಟೆ. ಕಾಡಿನಿಂದ ಕೊಂಬೆಗಳನ್ನು ಹೊತ್ತು ತಂದು ಹುಳ ಸಾಯಲಿ ಎಂದು ಸ್ನಾನದ ತೊಟ್ಟಿಯಲ್ಲಿ ಕುದಿನೀರು ಸುರಿದೆ. (ಎರಡು ದಿನ ನಾವು ಸ್ನಾನ ಮಾಡಲಿಲ್ಲ, ಕೊಂಬೆಗಳು ಮಾಡಿದವು.) ಗಿಡದಿಂದ ಗಿಡಕ್ಕೆ ದಪ್ಪ ಹಗ್ಗ ಬಿಗಿದು ಹಳಿ ಹಾಕಿದೆ. ದೀಪದ ಕೆಳಗೆ ಒಂದು ನಿಲ್ದಾಣ, ಎಲೆಗಳ ನಡುವೆ ಒಂದು, ಜಾಮ್ ಬಾಟಲಿಗೆ ಸಣ್ಣ ಕೊಳವೆ ಸಿಕ್ಕಿಸಿ ತೊಟ್ಟುತೊಟ್ಟಾಗಿ ನೀರು ಬೀಳಿಸಿದ ಕಡೆ ಒಂದು. ಬಟ್ಟಲಲ್ಲಿಟ್ಟ ನೀರನ್ನು ಈ ಮಹಾಶಯರು ಮೂಸುವುದಿಲ್ಲ, ಎಲೆಯಿಂದ ಜಾರುವ ಹನಿಯೇ ಆಗಬೇಕು. ದೀಪಕ್ಕೆ ಮೈ ಸುಡದಂತೆ ತಂತಿಯ ಬುಟ್ಟಿ, ಹೀಟರಿಗೆ ಜಾಲರಿ, ಬಾಗಿಲ ಸಂದಿಗೆ ಬಟ್ಟೆಯ ಸುರುಳಿ. ಕೊನೆಯ ನಿಲ್ದಾಣವನ್ನು ಕಿಟಕಿಯ ಚೌಕಟ್ಟಿಗೇ ಕಟ್ಟಿದೆ, ನನ್ನ ಕುರ್ಚಿಯಿಂದ ವಾಲ್ಡೆಮಾರನೂ ರೈಲೂ ಒಟ್ಟಿಗೆ ಕಾಣಲಿ ಎಂದು.

ಕುರ್ಚಿಯನ್ನು ತೆಗೆದಿರಲಿಲ್ಲ ಎಂಬುದನ್ನು ಓದುಗರು ಗಮನಿಸಿರಬಹುದು. ನಾನು ಗಮನಿಸಿರಲಿಲ್ಲ.

"ಕಿಟಕಿಗೆ ಬಲೆ?" ಎಂದಳು ರೋಸ್ವಿಥಾ, ಉದ್ಘಾಟನೆಯ ದಿನ.

"ಬಲೆ ಹಾಕಿದ್ರೆ ಹೊರಗಿಂದು ಏನೂ ಕಾಣಲ್ಲ."

"ವಾಲ್ಡೆಮಾರನಿಗಾ?"

"ಅವನಿಗೂ ಬೇಜಾರಾಗುತ್ತೆ ಅಲ್ವಾ," ಎಂದೆ. "ಬಲೆ ಯಾಕೆ ಬೇಕು? ಕಿಟಕಿ ತೆಗೆಯೋದೇ ಬೇಡ."

ನಾನು ಏನು ಕೇಳುತ್ತಿದ್ದೇನೆಂದು ನನಗೂ ಗೊತ್ತಿತ್ತು. ನಮ್ಮ ಮನೆಯಲ್ಲಿ ದಿನಕ್ಕೆ ಮೂರು ಹೊತ್ತು ಎಲ್ಲ ಕಿಟಕಿಗಳನ್ನೂ ಹಾರುಹೊಡೆದು ಹತ್ತು ನಿಮಿಷ ಗಾಳಿಯಾಡಿಸುತ್ತೇವೆ. ಹಿಮ ಬೀಳಲಿ, ಜ್ವರ ಬರಲಿ, ನೆಂಟರು ಬರಲಿ, ಅದು ತಪ್ಪುವಂತಿಲ್ಲ. ಬಾಡಿಗೆ ಕರಾರಿನಲ್ಲೂ ಬರೆದಿದೆ, ರೋಸ್ವಿಥಾಳ ರಕ್ತದಲ್ಲೂ ಬರೆದಿದೆ. ಅಂಥವಳ ಮನೆಯಲ್ಲಿ ಒಂದು ಕೋಣೆಯನ್ನು ಮುಚ್ಚಿ, ದಿನಕ್ಕೆ ಆರು ಸಲ ನೀರು ಸಿಂಪಡಿಸಿ ಇಡುವುದೆಂದರೆ ಸಾಮಾನ್ಯವಲ್ಲ. ಅವಳು ಮರೆತು ತೆಗೆದುಬಿಟ್ಟರೆ? ನಾನು ಕೋಣೆಯ ಬಾಗಿಲಿಗೆ ಒಂದು ಶಾಸನವನ್ನು ಅಂಟಿಸಿದೆ. ನಿಯಮ ಒಂದು: ಕಿಟಕಿ ತೆಗೆಯಬಾರದು. ನಿಯಮ ಎರಡು: ಯಾವ ಕಾರಣಕ್ಕೂ ತೆಗೆಯಬಾರದು. ನಿಯಮ ಮೂರು: ಅಭ್ಯಾಸಬಲ ಎಂಬ ನೆಪ ಸಲ್ಲದು.

"ಇದು ನಂಗಾ?" ಎಂದಳು.

"ಸಾರ್ವಜನಿಕರಿಗೆ."

"ಮನೇಲಿ ಇರೋ ಸಾರ್ವಜನಿಕರು ನಾನೊಬ್ಳೇ."

ಅಷ್ಟು ಉದ್ದದ ಮಾತು ಅವಳ ಬಾಯಿಂದ ಕೇಳಿ ಎರಡು ತಿಂಗಳಾಗಿತ್ತು. ಶಾಸನ ಫಲ ಕೊಡುತ್ತಿದೆ ಎಂದುಕೊಂಡೆ.

ಮೂರು ವಾರ ಕಳೆಯಿತು. ಗೋಡೆಯ ಮೂಲೆಯಲ್ಲಿ ಬೂಷ್ಟು ಬಂತು. ರೋಸ್ವಿಥಾ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡಳೇ ಹೊರತು ಕಿಟಕಿ ಮುಟ್ಟಲಿಲ್ಲ. ಆದರೆ ವಾಲ್ಡೆಮಾರ್ ಹಸಿರಾಗಲಿಲ್ಲ. ಬೆಳಿಗ್ಗೆ ಎಂಟಕ್ಕೆ ನಾನು ಹೋಗಿ ಕುರ್ಚಿಯಲ್ಲಿ ಕೂತು ಪ್ರೀತಿಯಿಂದ ಅವನನ್ನೇ ದಿಟ್ಟಿಸಿದರೆ ಅವನು ಒಂದು ಕಣ್ಣನ್ನು ರೈಲಿಗೂ ಇನ್ನೊಂದನ್ನು ನನಗೂ ಹಂಚಿ, ಮೆಲ್ಲಗೆ ಕಪ್ಪಾಗುತ್ತ ಎಲೆಯ ಹಿಂದೆ ಸರಿಯುತ್ತಿದ್ದ. ಪಾಪ, ಮಾಲೀಕನ ನೆನಪು ಎಂದುಕೊಂಡು ಇನ್ನಷ್ಟು ಹತ್ತಿರ ಕೂರುತ್ತಿದ್ದೆ.

ನವೆಂಬರ್ ಕೊನೆಯ ಶನಿವಾರ. ಹೊರಗೆ ಸೂರ್ಯ ಎಂಬ ವಸ್ತು ಇತ್ತೆಂಬುದಕ್ಕೆ ಯಾವ ಸಾಕ್ಷಿಯೂ ಇಲ್ಲದ ಬೆಳಗು. ನಾನು ಕಾಫಿಗೆ ನೀರಿಟ್ಟು ಬಂದು ಕೋಣೆಗೆ ಹೋದರೆ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಕಿಟಕಿ ಹಾರುಹೊಡೆದಿತ್ತು. ಹಗ್ಗಗಳು ಖಾಲಿ. ದೀಪದಡಿ ಇಲ್ಲ, ಎಲೆಯಲ್ಲಿ ಇಲ್ಲ.

"ರೋಸ್ವಿಥಾ!" ಎಂದು ಕೂಗಿದೆ. "ಕಿಟಕಿ ತೆಗೆದಿದ್ಯಲ್ಲ!"

ಅವಳು ಕೂದಲು ಕೂಡ ಕಟ್ಟಿಕೊಳ್ಳದೆ ರಾತ್ರಿಯ ಉಡುಪಿನಲ್ಲೇ ಬಾಗಿಲಿಗೆ ಬಂದಳು.

"ನಾನು ಈಗ ತಾನೇ ಎದ್ದೆ ಎಕ್‌ಹಾರ್ಟ್."

"ಹಾಗಾದ್ರೆ ಯಾರು..."

ನೆನಪಾಯಿತು. ಮೂವತ್ತನಾಲ್ಕು ವರ್ಷದಿಂದ ಮಲಗುವ ಕೋಣೆ, ಅಡುಗೆಮನೆಗಳ ಕಿಟಕಿ ಅವಳದು, ಮುಂಗೋಣೆಯದು ನನ್ನದು. ದಾಂಪತ್ಯದಲ್ಲಿ ನನಗೆ ಬಂದ ಪಾಲು ಅದೊಂದೇ. ಮೂರು ವಾರ ಎಚ್ಚರವಾಗಿದ್ದ ಕೈ ಆ ಬೆಳಿಗ್ಗೆ ನಿದ್ದೆಗಣ್ಣಲ್ಲಿ ತಾನೇ ಹೋಗಿ ಹಿಡಿಕೆ ತಿರುಗಿಸಿತ್ತು. ನಿಯಮ ಮೂರು ಬಾಗಿಲ ಮೇಲೆ ನನ್ನನ್ನೇ ನೋಡುತ್ತಿತ್ತು.

ರೋಸ್ವಿಥಾ ಬೈಯಲಿಲ್ಲ. ತೆರೆದ ಕಿಟಕಿಯನ್ನು ನೋಡುತ್ತ ನಿಂತಳು, ಆಸ್ಪತ್ರೆಯಲ್ಲಿ ನಿಂತ ಹಾಗೆಯೇ.

"ಮತ್ತೆ ಕಿಟಕಿ," ಎಂದಳು. "ವಿಲ್ಲಿದು ಅಂತ ಇದ್ದಿದ್ದು ಇದೊಂದೇ ಜೀವ."

ನನಗೆ ಭೂಮಿ ಬಾಯಿ ಬಿಟ್ಟಿದ್ದರೆ ಸಾಕಿತ್ತು. ಅದು ಬಿಡಲಿಲ್ಲವಾದ್ದರಿಂದ ಕೆಳಗಿಳಿದು ಬೀದಿ ಹುಡುಕಿದೆ, ಪಾದಚಾರಿ ಹಾದಿ ಹುಡುಕಿದೆ, ನಿಂತ ಕಾರುಗಳ ಅಡಿಯಲ್ಲಿ ಮೂತಿ ಹಾಕಿದೆ. ನಾಲ್ಕು ಡಿಗ್ರಿ ಚಳಿ, ಯೆಮನ್ ಮೂಲದವನು ಎಷ್ಟು ಹೊತ್ತು ತಡೆದಾನು? ಆಗ ಹಳೆಯ ಸಹೋದ್ಯೋಗಿ ಡೆಟ್ಲೆಫ್ ನೆನಪಾದ. ಕೊನೆಯ ನಿಲ್ದಾಣದಲ್ಲಿ ಅವನ ರೈಲು ನಿಂತಿತ್ತು, ಫೋನ್ ಎತ್ತಿದ.

"ಗೋಸುಂಬೆನಾ?" ಎಂದ. "ಎಕ್‌ಹಾರ್ಟ್, ಮನೇಲಿ ಕೂತು ಕೂತು ನಿಂಗೆ ಏನೋ ಆಗಿದೆ."

"ಡೆಟ್ಲೆಫ್, ನನ್ ಹೆಂಡ್ತಿ ಅಳೋದನ್ನೂ ಮರೆತು ನಿಂತಿದಾಳೆ."

"ಎಷ್ಟು ಉದ್ದ ಇದಾನೆ?" ಎಂದ.

"ಮೊಣಕೈಯಿಂದ ಬೆರಳ ತನಕ. ಕಪ್ಪು ಬಣ್ಣ."

"ಸರಿ. ರೈಲಲ್ಲಿ ಮೈಕ್ ಹಿಡಿದು ಹೇಳ್ತೀನಿ, ಹಿಂದೆ ಬರೋ ರೈಲಿಗೂ ತಿಳಿಸ್ತೀನಿ. ಎಲ್ಲ ನಿಮ್ಮ ಕಟ್ಟಡ ನೋಡ್ಲಿ."

ನಾನು ಓಡಿಬಂದು ಕಿಟಕಿಯಿಂದ ಅರ್ಧ ಮೈ ಹೊರಚಾಚಿ ನಿಂತೆ. ಡೆಟ್ಲೆಫ್‌ನ ರೈಲು ತೂಗಾಡುತ್ತ, ನಿಧಾನವಾಗಿ ಬಂತು. ಒಳಗಿದ್ದವರೆಲ್ಲ ನಮ್ಮ ಕಡೆಯ ಕಿಟಕಿಗಳಿಗೆ ಮುಗಿಬಿದ್ದಿದ್ದರು. ನನ್ನನ್ನು ಕಂಡದ್ದೇ ತಡ, ಒಬ್ಬಳು ಮುದುಕಿ ಕೈ ಎತ್ತಿದಳು. ಪಕ್ಕದವನೂ ಎತ್ತಿದ. ಆಮೇಲೆ ಡಬ್ಬಿಗೆ ಡಬ್ಬಿಯೇ ಕೈ ಎತ್ತಿ ಬೀಸತೊಡಗಿತು.

ಮೂವತ್ತೊಂದು ವರ್ಷ. ಡೆಟ್ಲೆಫ್ ನನ್ನ ಹೆಸರು ಹೇಳಿರಬೇಕು, ಎಕ್‌ಹಾರ್ಟ್ ಇಲ್ಲಿದ್ದಾನೆ, ನಿಮ್ಮನ್ನೆಲ್ಲ ಹೊತ್ತು ತಿರುಗಿಸಿದವನು ಎಂದು. ದುಃಖದ ನಡುವೆಯೂ ನಾನು ಬೆನ್ನು ನೆಟ್ಟಗೆ ಮಾಡಿ, ಗಂಭೀರವಾಗಿ ಕೈ ಬೀಸಿದೆ. ಅವರು ಇನ್ನೂ ಜೋರಾಗಿ ಬೀಸಿದರು. ಒಬ್ಬ ಗಾಜಿಗೆ ಬಡಿದ. ನಾನು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದೆ. ರೈಲು ಹೋಯಿತು, ಹಿಂದೆ ಇನ್ನೊಂದು ಬಂತು. ಅದರಲ್ಲೂ ಅದೇ ಆದರ. ಎರಡೂ ಕೈಗಳಿಂದ ಅಭಿನಂದನೆ ಸ್ವೀಕರಿಸುತ್ತಿದ್ದೆ.

"ಯಾರಿಗೆ ಕೈ ಬೀಸ್ತಿದೀಯ?" ಎಂದಳು ರೋಸ್ವಿಥಾ ಹಿಂದಿನಿಂದ.

"ಜನಕ್ಕೆ. ನನ್ನ ಗುರುತು ಹಿಡಿದ್ರು."

ಅವಳು ನನ್ನ ಪಕ್ಕಕ್ಕೆ ಬಂದು ರೈಲನ್ನು ನೋಡಿದಳು. ಆಮೇಲೆ ಹೇಳಿದಳು, "ಅವರು ಕೈ ಬೀಸ್ತಾ ಇಲ್ಲ ಕಣೋ ದಡ್ಡ. ಮೇಲೆ ತೋರಿಸ್ತಿದಾರೆ."

ಕತ್ತು ಹೊರಳಿಸಿದೆ. ನನ್ನ ನೆತ್ತಿಯಿಂದ ಎರಡು ಗೇಣು ಮೇಲೆ, ಬೇಸಿಗೆಯಲ್ಲಿ ಹೂಕುಂಡ ತೂಗುಹಾಕುವ ಕಬ್ಬಿಣದ ಕೊಕ್ಕೆಗೆ ವಾಲ್ಡೆಮಾರ್ ನಾಲ್ಕೂ ಕಾಲು, ಬಾಲ ಸೇರಿಸಿ ಜೋತುಬಿದ್ದಿದ್ದ. ನಾನು ಕಟ್ಟಿದ ಹಗ್ಗ ಅವನನ್ನು ಚೌಕಟ್ಟಿನವರೆಗೆ ತಂದಿತ್ತು. ಮುಂದಿನ ಹಾದಿಯನ್ನು ಅವನೇ ಕಂಡುಕೊಂಡಿದ್ದ. ಒಂದು ಕಣ್ಣಲ್ಲಿ ರೈಲು, ಇನ್ನೊಂದರಲ್ಲಿ ನಾನು. ರೋಸ್ವಿಥಾ ಕುರ್ಚಿ ಎಳೆದುಕೊಂಡು ಹತ್ತಿ, ನಾನು ಅವಳ ಸೊಂಟ ಹಿಡಿದುಕೊಂಡ ಮೇಲೆ, ಒಂದೊಂದೇ ಬೆರಳು ಬಿಡಿಸಿ ಅವನನ್ನು ಎದೆಗೆ ಒತ್ತಿಕೊಂಡಳು. ಅವನ ಮೈ ಮಂಜಿನಂತೆ ಕೊರೆಯುತ್ತಿತ್ತು, ಹೊಟ್ಟೆ ಮಾತ್ರ ಮೆಲ್ಲಗೆ ಆಡುತ್ತಿತ್ತು. ಅವಳು ಅಲ್ಲೇ ನೆಲದ ಮೇಲೆ ಕೂತು ಸೆಪ್ಟೆಂಬರಿನಿಂದ ಕೂಡಿಟ್ಟದ್ದನ್ನೆಲ್ಲ ಅತ್ತಳು. ಅತ್ತು ಮುಗಿಸಿ ನನಗೆ ಬೈದಳು. ಬಲೆಯಿಂದ ಹಿಡಿದು ನಮ್ಮ ಮದುವೆಯ ದಿನದವರೆಗೆ ಹಿಂದಕ್ಕೆ ಹೋಗುತ್ತ ಪೂರ್ತಿ ಮುಕ್ಕಾಲು ಗಂಟೆ ಬೈದಳು. ಅಷ್ಟು ಇಂಪಾದದ್ದನ್ನು ನಾನು ಕೇಳಿ ಬಹಳ ದಿನವಾಗಿತ್ತು.

ಮಧ್ಯಾಹ್ನ ಡಾಕ್ಟರ್ ತೀಮೆ ಬಂದರು. ನಿಧಾನವಾಗಿ ಬೆಚ್ಚಗೆ ಮಾಡಿ, ಬದುಕುತ್ತಾನೆ ಎಂದರು. ಗಿಡ, ಹಗ್ಗ, ನೀರು, ದೀಪ ಎಲ್ಲ ನೋಡಿ ನನ್ನನ್ನು ಹೊಗಳಿದರು. ನಾನು ಹಿಗ್ಗಿದೆ.

"ಇಷ್ಟೆಲ್ಲ ಚೆನ್ನಾಗಿದೆ, ಮತ್ಯಾಕೆ ಇನ್ನೂ ಕಪ್ಪಗಿದ್ದ?" ಎಂದು ಯೋಚಿಸಿದರು. "ಈ ಕುರ್ಚಿ ಯಾರದು?"

"ನಂದು."

"ದಿನಾ ಎಷ್ಟು ಹೊತ್ತು ಕೂರ್ತೀರಿ?"

"ಎಂಟರಿಂದ ಆರು. ಅವನನ್ನೇ ನೋಡ್ತಾ ಇರ್ತೀನಿ. ಒಂದು ಕ್ಷಣಾನೂ ಒಂಟಿ ಬಿಟ್ಟಿಲ್ಲ."

ಡಾಕ್ಟರ್ ತೀಮೆ ಕನ್ನಡಕ ತೆಗೆದು ಒರೆಸಿಕೊಂಡರು. "ಗಾಜಲ್ಲಿದ್ದ ಆ ಇನ್ನೊಬ್ಬ ಗಂಡು ಹೋದ, ಇದು ಬಂತು ಅಂದ್ಕೊಂಡಿದಾನೆ. ಅಪಾಯ ಇದೊಂದೇ. ಇದನ್ನ ಈ ಕೋಣೆಯಿಂದ ತೆಗೆದುಬಿಡಿ."

"ಯಾವುದನ್ನ, ಕುರ್ಚಿನಾ?" ಎಂದಳು ರೋಸ್ವಿಥಾ.

"ಕುರ್ಚಿ ಇದ್ರೂ ಪರವಾಗಿಲ್ಲ."

ಹೀಗೆ ನನ್ನ ಕೋಣೆಯನ್ನು ಗೋಸುಂಬೆಗೆ ಕ್ಷೇಮಕರವಾಗಿ ಮಾಡುವ ಕಾಮಗಾರಿ ನನ್ನನ್ನು ಹೊರಗೆ ಹಾಕುವುದರೊಂದಿಗೆ ಸಂಪೂರ್ಣವಾಯಿತು. ಕಿಟಕಿಗೆ ಬಲೆ ಬಂತು. ವಾಲ್ಡೆಮಾರ್ ಮೂರನೇ ದಿನಕ್ಕೆ ದಾಸವಾಳದ ಎಲೆಯ ಹಸಿರಿಗೆ ತಿರುಗಿ ಐದು ಮಿಡತೆ ನುಂಗಿದನಂತೆ. ರೋಸ್ವಿಥಾ ಹೇಳಿದಳು, ನಾನು ನೋಡುವಂತಿಲ್ಲ.

ನಾನೀಗ ಅಡುಗೆಮನೆಯಲ್ಲಿ, ಅಂಗಳದ ಕಸದ ಡಬ್ಬಿಗಳು ಕಾಣುವ ಕಿಟಕಿಯ ಬಳಿ ಕೂರುತ್ತೇನೆ. ಅವು ಯಾವತ್ತೂ ತಡವಾಗುವುದಿಲ್ಲ. ನಿನ್ನೆ ಬೆಳಿಗ್ಗೆ ರೋಸ್ವಿಥಾ ವಾಲ್ಡೆಮಾರನ ಬಣ್ಣ ಬರೆದು ಬಂದವಳು ಪುಸ್ತಕ ಮುಚ್ಚದೆ ನನ್ನ ಎದುರು ನಿಂತು ತಲೆಯಿಂದ ಕಾಲಿನವರೆಗೆ ನೋಡಿದಳು.

"ನೀನು ಏಪ್ರಿಲ್‌ನಿಂದ ಹೀಗೇ ಇದೀಯ ಅಲ್ವಾ?" ಎಂದಳು. "ನಾನು ನೋಡ್ಲೇ ಇಲ್ಲ."

ಅವಳು ಹೋಗಿ ಗಾಜಿನ ಪೆಟ್ಟಿಗೆಯ ಹಳೆಯ ದೀಪವನ್ನು ತಂದು ನನ್ನ ಕುರ್ಚಿಯ ಮೇಲೆ ತೂಗುಹಾಕಿದಳು. ನೆತ್ತಿ ಬೆಚ್ಚಗಾಯಿತು, ಕಣ್ಣು ತೇವವಾಯಿತು. ಎದುರು ಕೂತು, ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕಾದು, ಪುಸ್ತಕದಲ್ಲಿ ವಾಲ್ಡೆಮಾರನ ಸಾಲಿನ ಕೆಳಗೆ ನನ್ನ ಹೆಸರು ಬರೆದಳು.

"ಸ್ವಲ್ಪ ತಿಳಿಯಾಗಿದೀಯ," ಎಂದಳು. ಆಮೇಲೆ ಎದ್ದು ಹೋಗಿ, ಗಾಳಿಯಾಡಿಸುವ ಹೊತ್ತಾದ್ದರಿಂದ, ನನ್ನ ತಲೆಯ ಹಿಂದಿನ ಕಿಟಕಿಯನ್ನು ಪೂರ್ತಿ ತೆರೆದಳು.