ತಿರುಗುವ ಮಾವಂದಿರು

ಅಳಿಯನಾದವನು ತನಗೆ ಏನಾದರೂ ವಿದ್ಯೆ ಬರುತ್ತದೆ ಎಂದು ಮಾವನ ಮನೆಯಲ್ಲಿ ಅಪ್ಪಿತಪ್ಪಿಯೂ ಬಾಯಿಬಿಡಬಾರದು. ಏನೂ ಬಾರದ ಅಳಿಯನಿಗೆ ಹೋಳಿಗೆ, ತುಪ್ಪ, ಮಧ್ಯಾಹ್ನದ ನಿದ್ದೆ. ಏನೋ ಬರುವ ಅಳಿಯನಿಗೂ ಹೋಳಿಗೆ ಉಂಟು, ಆದರೆ ಅದನ್ನು ಮುರಿಯುವ ಮೊದಲೇ ಮನೆಯ ಕೆಟ್ಟ ಟಿವಿ ಎದುರಿಗೆ ಬಂದು ಕೂತಿರುತ್ತದೆ. ಹುಮನಾಬಾದಿನಲ್ಲಿ ನನ್ನದೊಂದು ಕಂಪ್ಯೂಟರ್ ಕ್ಲಾಸು. ಕರೆಂಟ್ ಇದ್ದಾಗ ಕಂಪ್ಯೂಟರ್ ಕಲಿಸುತ್ತಿದ್ದೆ, ಹೋದಾಗ ತಾಳ್ಮೆ ಕಲಿಸುತ್ತಿದ್ದೆ. ನಮ್ಮ ಕಡೆಗೆ ಇಂಟರ್ನೆಟ್ಟು ಕುಂಟುತ್ತ ಕುಂಟುತ್ತ ಆಗಷ್ಟೇ ಬಂದಿತ್ತು. ಬಸವಕಲ್ಯಾಣ ನನ್ನ ಹೆಂಡತಿ ಶೋಭಾಳ ತವರು. ಸುಮ್ಮನೆ ಉಂಡು ಎದ್ದಿದ್ದರೆ ಆಗುತ್ತಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡಂತೆ, ಒಂದು ಹಬ್ಬದ ಪಂಕ್ತಿಯಲ್ಲಿ ಕೂತು, "ನಾನು ವೆಬ್‌ಸೈಟನ್ನೂ ಮಾಡ್ತೇನ್ರಿ" ಅಂದುಬಿಟ್ಟೆ.

ನನಗೆ ಮಾವಂದಿರು ಮೂವರು. ದೊಡ್ಡಮಾವ, ನಡುವಿನವರಾದ ಶೋಭಾಳ ಅಪ್ಪ, ಸಣ್ಣಮಾವ. ಮೂವರೂ ಕೂಡಿ ಊರಲ್ಲೊಂದು ಫಂಕ್ಷನ್ ಹಾಲ್ ಕಟ್ಟಿಸಿದ್ದರು. ಅದಕ್ಕೊಂದು ವೆಬ್‌ಸೈಟ್ ಮಾಡಿ, ಮೇಲ್ಗಡೆ ಫೋಟೋಗಳು ಒಂದಾದ ಮೇಲೊಂದು ತಾವಾಗಿಯೇ ಸರಿದು ಬರುವಂತೆ ಕೂರಿಸಿದೆ. ಅದಕ್ಕೆ ಕೆರೂಸಲ್ ಅನ್ನುತ್ತಾರೆ. ಮಾವಂದಿರು "ತಿರಗೂ ಫೋಟೊ" ಅಂದರು. ಅದರಲ್ಲಿ ವೇದಿಕೆ, ಊಟದ ಹಾಲ್, ಅಡಿಗೆಮನೆ ತೋರಿಸಬೇಕೆಂಬುದು ನನ್ನ ಮೂರ್ಖ ಕಲ್ಪನೆ. "ಕಲ್ಲು ಸಿಮೆಂಟ್ ನೋಡ್ಲಿಕ್ಕ ಯಾರು ಬರ್ತಾರ್ರಿ ಅಳಿಯಾರ? ಕಟ್ಟಿಸಿದವರನ್ನ ತೋರಸ್ರಿ" ಎಂದರು ದೊಡ್ಡಮಾವ. ಹಾಲ್ ಹೋಯಿತು, ರುಮಾಲು ಸುತ್ತಿದ ಮೂರು ಮುಖಗಳು ಬಂದವು. ಹೀಗೆ ಫಂಕ್ಷನ್ ಹಾಲೊಂದನ್ನು ಬಿಟ್ಟು ಉಳಿದೆಲ್ಲವೂ ಇರುವ ಫಂಕ್ಷನ್ ಹಾಲಿನ ವೆಬ್‌ಸೈಟ್ ಸಿದ್ಧವಾಯಿತು.

ಜಗಳ ಶುರುವಾದದ್ದು ಅಲ್ಲಿಂದ. ಹಿರಿಯವನೆಂದು ದೊಡ್ಡಮಾವ ಮೊದಲು ಬರಬೇಕು, ಹಾಲ್ ಕಟ್ಟಿದ ಜಾಗ ತನ್ನದೆಂದು ಶೋಭಾಳ ಅಪ್ಪನಾದ ನಮ್ಮ ಮಾವ ಮೊದಲು ಬರಬೇಕು. ನಮ್ಮ ಕಡೆಯ ಮದುವೆಗಳಲ್ಲಿ ಬೀಗರಿಗೆ ಬಟ್ಟೆಯ ಉಡುಗೊರೆ ಕೊಡುವುದಕ್ಕೆ ಆಯೇರಿ ಅನ್ನುತ್ತಾರೆ. ಮೈಕಿನಲ್ಲಿ ಒಬ್ಬೊಬ್ಬರದೇ ಹೆಸರು ಕೂಗುತ್ತಾರೆ. ತನ್ನ ಹೆಸರನ್ನು ಹಿಂದೆ ಕೂಗಿದರೆಂದು ಸಾಯುವವರೆಗೆ ಮಾತು ಬಿಟ್ಟವರಿದ್ದಾರೆ. ಕೊಟ್ಟ ಟಾವೆಲ್ ಒಂದೇ ಒಗೆತಕ್ಕೆ ಹರಿದಿರುತ್ತದೆ, ಸಿಟ್ಟು ಮಾತ್ರ ಗಟ್ಟಿ ನೂಲಿನದು. ಸಣ್ಣಮಾವನ ತಕರಾರು ಬೇರೆ. "ಅಣ್ಣಂದಿರು ಪೂರಾ ಬರ್ತಾರ. ನಾ ಹುಬ್ಬಿನ ತನಕ ಬಂದು ಹೋಗಾಕತ್ತೇನಿ. ಇದ್ಯಾವ ಇನ್ಸಾಫ್ ರಿ?" ಮಾತು ಖರೆ. ಅವರದು ಸ್ಟುಡಿಯೋದಲ್ಲಿ ತೆಗೆಸಿದ ಭಾರಿ ಫೋಟೋ. ನಮ್ಮ ಇಂಟರ್ನೆಟ್ಟು ಅದನ್ನು ರುಮಾಲಿನಿಂದ ಹಿಡಿದು ಒಂದೊಂದೇ ಗೆರೆ ಇಳಿಸುತ್ತ ಹುಬ್ಬು ಮುಟ್ಟುವಷ್ಟರಲ್ಲಿ ಸಮಯ ಮುಗಿದು ದೊಡ್ಡಮಾವ ನಗುತ್ತ ಬಂದುಬಿಡುತ್ತಿದ್ದರು. ಇದು ಅಣ್ಣನದೇ ಮಸಲತ್ತು ಎಂದು ಸಣ್ಣಮಾವ ತೀರ್ಮಾನಿಸಿದರು.

ಹಾಲಿನ ಉದ್ಘಾಟನೆ ಹತ್ತಿರ ಬಂತು. ಒಬ್ಬರು ಕೂತ ಪಂಕ್ತಿಯಲ್ಲಿ ಇನ್ನೊಬ್ಬರು ಕೂಡುವುದಿಲ್ಲ ಎಂಬಲ್ಲಿಗೆ ಬಂತು ಮಾತು. ಶೋಭಾ ನನ್ನನ್ನು ಹಿಡಿದುಕೊಂಡಳು. "ಅವರು ಮೂರೂ ಮಂದಿ ಒಂದ ಗಂಗಾಳದಾಗ ಉಂಡು ಬೆಳದಾರ್ರಿ. ನಿಮ್ಮ ಫೋಟೊ ತಿರಗಿ ನನ್ನ ತವರುಮನಿ ಒಡದರ ನಾ ಯಾವ ಮಾರಿ ಇಟ್ಕೊಂಡು ಅಲ್ಲಿಗೆ ಹೋಗ್ಲಿ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಮೊದಲ ಸಲ ಹೆದರಿಕೆಯಾಯಿತು.

ಆಗ ಕೈಹಿಡಿದದ್ದು ಪುಕ್ಕಟೆ ಸಿಕ್ಕಿದ ಒಂದು ಸಾಫ್ಟ್‌ವೇರ್. ಏನನ್ನು ನೋಡಬೇಕೆಂದು ಒಮ್ಮೆ ಬರೆದುಕೊಟ್ಟರೆ ಸಾಕು, ಅದೇ ಬ್ರೌಸರ್ ತೆರೆದು, ಪುಟಕ್ಕೆ ಹೋಗಿ, ಬಾಣದ ಗುರುತು ಒತ್ತಿ, ಫೋಟೋ ಬಂತೇ, ಎಷ್ಟು ಹೊತ್ತು ನಿಂತಿತು ಎಂದು ನೋಡಿ, ಸರಿಯಿದ್ದರೆ ಹಸಿರು ಗೆರೆ, ತಪ್ಪಿದ್ದರೆ ಕೆಂಪು ಗೆರೆ ಎಳೆಯುತ್ತಿತ್ತು. ಹಾಗೆ ಬರೆದುಕೊಡುವುದಕ್ಕೆ ಟೆಸ್ಟ್ ಅನ್ನುತ್ತಾರೆ. ಮೂವರನ್ನೂ ಕೂರಿಸಿ ಓಡಿಸಿದೆ. ಯಾರೂ ಮೌಸ್ ಮುಟ್ಟದೆ ಮಾವಂದಿರು ತಿರುಗತೊಡಗಿದರು. "ಯಾರು ಒತ್ತಾಕತ್ತಾರ್ರಿ ಇದನ್ನ?" ಎಂದು ನಮ್ಮ ಮಾವ ಟೇಬಲ್ಲಿನ ಕೆಳಗೆ ಬಗ್ಗಿ ನೋಡಿದರು. ಮೂರೂ ಹಸಿರು! ಆದರೆ ಸಣ್ಣಮಾವ ಪರದೆಯ ಮೇಲೆ ಇನ್ನೂ ಹುಬ್ಬಿನವರೆಗೇ ಇದ್ದರು. ಫೋಟೋದ ಜಾಗದಲ್ಲಿ ಫೋಟೋ ಇದೆಯೇ ಎಂದಷ್ಟೇ ನಾನು ಅದಕ್ಕೆ ನೋಡಲು ಹೇಳಿದ್ದೆ, ಅದರಲ್ಲಿ ಮೀಸೆ ಇದೆಯೇ ಎಂದಲ್ಲ. "ನಿಮ್ಮ ಮಷೀನಿಗೆ ಕಣ್ಣಿಲ್ಲ ಬಿಡ್ರಿ" ಎಂದು ಸಣ್ಣಮಾವ ಎದ್ದುಹೋದರು.

ಅವರ ಫೋಟೋ ಸಣ್ಣದು ಮಾಡಿದೆ. ಪೂರ್ತಿ ಇಳಿದ ಮೇಲೇ ಹೊತ್ತು ಲೆಕ್ಕಕ್ಕೆ ಬರಬೇಕೆಂದು ಟೆಸ್ಟ್ ತಿದ್ದಿದೆ. ಪುಟ ತೆರೆದಾಗಲೆಲ್ಲ ಬೇರೆಬೇರೆಯವರಿಂದ ಶುರುವಾಗುವಂತೆ ಮಾಡಿದೆ, ಮೊದಲಿಗರೆಂಬವರೇ ಇಲ್ಲ. ಅಷ್ಟರಲ್ಲಿ ಮುಡಬಿ ಊರಿನಲ್ಲಿದ್ದ ಮಾವಂದಿರ ದಾಯಾದಿಗಳು ತಮ್ಮ ಫೋಟೋಗಳನ್ನೂ ಕಳಿಸಿದರು. ದೊಡ್ಡಮಾವ ಕೆರಳಿದರು. "ಮೂರು ಮಂದಿ ಬಿಟ್ಟು ನಾಕನೇದವನ ಮಾರಿ ಕಾಣಬಾರ್ದು. ಅದನ್ನೂ ಬರೀರಿ ನಿಮ್ಮ ಟೆಸ್ಟಿನಾಗ." ಬರೆದೆ. ನಾಲ್ಕನೆಯ ಮುಖ ಕಂಡರೆ ಕೆಂಪು, ಜೊತೆಗೆ 'ಹೆಚ್ಚಿನ ಮುಖ' ಎಂದು ದಪ್ಪಕ್ಷರದಲ್ಲಿ ಬರಬೇಕು. ಈಗ ಗೆರೆಗಳೆಲ್ಲ ನ್ಯಾಯವಾದ ಹಸಿರು. ಮಾವಂದಿರು ನಂಬಿದರು, ಆದರೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ದೊಡ್ಡಮಾವನಂತೂ ಟೆಸ್ಟಿನ ಪರಮಭಕ್ತರಾದರು. "ಈ ಮಷೀನ್ ಸುಳ್ಳು ಹೇಳಂಗಿಲ್ಲ ಅಂತ ಅಳಿಯಾರ ಹೇಳ್ಯಾರ" ಎಂದು ಊರೆಲ್ಲ ಸಾರಿದರು.

ಉದ್ಘಾಟನೆಯ ದಿನ ಬೀಗರು ಬಿಜ್ಜರೆಲ್ಲ ಹಾಲಿನ ಆಫೀಸಿನಲ್ಲಿ ಕಂಪ್ಯೂಟರಿನ ಸುತ್ತ ನೆರೆದರು. ನಾನು ಗತ್ತಿನಿಂದ ಪುಟ ತೆರೆಯಹೋದೆ. "ತಡೀರಿ, ಮೊದಲ ಟೆಸ್ಟ್ ಓಡಸ್ರಿ" ಎಂದರು ದೊಡ್ಡಮಾವ. "ಇವತ್ತ್ಯಾಕ್ರಿ, ವೋಲ್ಟೇಜ್ ಕಮ್ಮಿ ಅದ" ಎಂದೆ. ಯಾರು ಕೇಳುತ್ತಾರೆ? ಓಡಿತು. ಹಸಿರು, ಹಸಿರು, ಹಸಿರು. ಆಮೇಲೆ ಕೆಂಪು, ಜೊತೆಗೆ ದಪ್ಪಕ್ಷರದಲ್ಲಿ 'ಹೆಚ್ಚಿನ ಮುಖ'. ಪರದೆಯ ಮೇಲೆ ಬಾಡಿಗೆ ಕೋಟು ತೊಟ್ಟು, ಗಲ್ಲಕ್ಕೆ ಬೆರಳು ಹಚ್ಚಿ ಚಿಂತಿಸುತ್ತಿರುವ ಒಬ್ಬ ಮಹಾನುಭಾವ. ನಾನೇ! ಇಷ್ಟೆಲ್ಲ ಮಾಡಿದವನದು ಒಂದು ಗಳಿಗೆಯಾದರೂ ಬರಬೇಡವೇ ಎಂದು ಬೆಳಿಗ್ಗೆಯಷ್ಟೇ ಸೇರಿಸಿದ್ದೆ.

"ಇದು ಮಷೀನಿನ ತಪ್ಪು" ಎಂದೆ.

"ಮಷೀನ್ ಸುಳ್ಳು ಹೇಳಂಗಿಲ್ರಿ" ಎಂದರು ಮೂವರು ಮಾವಂದಿರೂ ಒಂದೇ ದನಿಯಲ್ಲಿ. ವಾರಗಟ್ಟಲೆ ಮಾತು ಬಿಟ್ಟಿದ್ದವರು ಬಾಯಿ ಕೂಡಿಸಿದ್ದು ಆಗಲೇ. ಸಣ್ಣಮಾವ ಅಣ್ಣನ ಹೆಗಲ ಮೇಲೆ ಕೈಯಿಟ್ಟು, ಕಣ್ಣಲ್ಲಿ ನೀರು ಬರುವಂತೆ ನಕ್ಕು, "ಹೆಸರು ಕರೀಲಾರದೇ ಆಯೇರಿಗೆ ಬಂದು ಕುಂತೀರಲ್ರಿ ಅಳಿಯಾರ!" ಎಂದರು. ಅಂದು ಮೂವರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಬಡಿಸುತ್ತಿದ್ದ ಶೋಭಾ ನನ್ನ ಎಲೆಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿದಳು. ಸಂತೋಷಕ್ಕೋ ಕನಿಕರಕ್ಕೋ, ಕೇಳುವ ಧೈರ್ಯ ನನಗಾಗಲಿಲ್ಲ.

ಈಗ ಆ ಹಾಲಿನಲ್ಲಿ ನಮ್ಮವರ ಯಾವ ಮದುವೆಯಾದರೂ ಆಯೇರಿಯ ಹೊತ್ತಿಗೆ ಮೈಕಿನಲ್ಲಿ ಎಲ್ಲರಿಗಿಂತ ಮೊದಲು ನನ್ನ ಹೆಸರನ್ನೇ ಕೂಗುತ್ತಾರೆ. ಗೌರವಕ್ಕಲ್ಲ, ಕೂಗದಿದ್ದರೆ ಇವನು ಎಲ್ಲಿ ಬಂದು ಕೂತುಬಿಡುತ್ತಾನೋ ಎಂಬ ಭಯಕ್ಕೆ.