ಬೆಟ್ಸಿ ಯಾರು, ಒಂಬತ್ತು ಗಜ ಯಾವುದರದು?

ತಮಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದುಕೊಂಡು ಸಿಡ್ನಿಗೆ ಬಂದವರಿಗೆಲ್ಲ ಇಂಥದ್ದು ಆಗುತ್ತಲೇ ಇರುತ್ತದೆ. ನನಗೆ ಸ್ವಲ್ಪ ಜಾಸ್ತಿಯೇ ಆಯಿತು. ಚಾಟ್ಸ್‌ವುಡ್ ಆಫೀಸಿನ ನನ್ನ ಬಾಸ್ ಅಮೆರಿಕದವರು, ರಿಟೈರ್ ಆಗುವ ವಯಸ್ಸು, ಮಾತೆಲ್ಲ ಅವರಜ್ಜಿ ಕಾಲದ್ದು. ನಾನೋ ದಾವಣಗೆರೆಯವಳು, ಆರು ತಿಂಗಳ ಪ್ರೊಬೇಷನ್‌ನಲ್ಲಿದ್ದೆ. ಅವರ ಬಾಯಿಂದ ಬಂದದ್ದೆಲ್ಲ ನನಗೆ ಆಜ್ಞೆ.

೧. ಬೆಟ್ಸಿ ಮೇಡಂ

ಎರಡನೇ ವಾರ ನಾನು ಕೊಟ್ಟ ರಿಪೋರ್ಟ್‌ನಲ್ಲಿ ಎರಡು ಕಾಲಂ ಅದಲು ಬದಲಾಗಿತ್ತು. ಬಾಸ್ ನೋಡಿದವರೇ, "ಹೆವೆನ್ಸ್ ಟು ಬೆಟ್ಸಿ!" ಅಂದರು.

ನನಗೆ ಕೇಳಿಸಿದ್ದು "ಟು ಬೆಟ್ಸಿ" ಅಷ್ಟೇ. ಬೆಟ್ಸಿಗೆ ಕಳಿಸು ಅಂತಿದ್ದಾರೆ! ಹುಡುಕಿದೆ. ಮೆಲ್ಬರ್ನ್ ಆಫೀಸಿನಲ್ಲಿ ಒಬ್ಬರು ಎಲಿಜಬೆತ್ ಇದ್ದರು. ಎಲಿಜಬೆತ್‌ಗಳನ್ನು ಮುದ್ದಿಗೆ ಬೆಟ್ಸಿ ಅನ್ನುತ್ತಾರಂತೆ. "ಡಿಯರ್ ಬೆಟ್ಸಿ" ಅಂತ ಬರೆದು ಕಳಿಸಿಯೇಬಿಟ್ಟೆ. ಹತ್ತು ನಿಮಿಷಕ್ಕೆ ಉತ್ತರ: "ನನ್ನನ್ನ ಬೆಟ್ಸಿ ಅಂತಿದ್ದದ್ದು ನಮ್ಮಮ್ಮ ಒಬ್ಬರೇ. ನಿಮಗೆ ಯಾರು ಹೇಳಿದ್ದು? ಅಂದ ಹಾಗೆ, ರಿಪೋರ್ಟ್‌ನಲ್ಲಿ ತಪ್ಪಿದೆ."

ಬಾಸ್ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ನಾವು "ಅಯ್ಯೋ ರಾಮ" ಅನ್ನುವಂತೆ ಅದೊಂದು ಉದ್ಗಾರವಂತೆ.

"ಹಾಗಾದ್ರೆ ಆ ಬೆಟ್ಸಿ ಯಾರು?"

"ಯಾರಿಗೂ ಗೊತ್ತಿಲ್ಲ. ನಮ್ಮಜ್ಜಿ ದಿನಾ ಅಂತಿದ್ದಳು, ಅವಳಿಗೂ ಗೊತ್ತಿರಲಿಲ್ಲ."

"ನನಗೆ ಗೊತ್ತು," ಅಂದೆ. "ಮೆಲ್ಬರ್ನ್‌ನಲ್ಲಿದ್ದಾರೆ. ಈಗ ಸ್ವಲ್ಪ ಕೋಪದಲ್ಲಿದ್ದಾರೆ."

೨. ಬಜ್ಜಿ ಮತ್ತು ಗೋಮಾತೆ

ಒಂದು ಭಾನುವಾರ ಬಾಸ್ ಟೂಂಗಾಬಿಯ ನಮ್ಮ ಮನೆಗೆ ಊಟಕ್ಕೆ ಬಂದರು. ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಮೆಣಸಿನಕಾಯಿ ಬಜ್ಜಿ ಕರಿದಿದ್ದರು. ಬಾಸ್ ಒಂದು ಕಚ್ಚಿದರು. ಕಿವಿ ಕೆಂಪಾಯಿತು. "ಹೋಲಿ ಕೌ!" ಎಂದು ಕೂಗಿದರು. ಇದೂ ಬೆಟ್ಸಿ ಥರದ್ದೇ ಒಂದು ಉದ್ಗಾರ.

ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಈ ಎರಡು ಪದ ಬರುತ್ತವೆ.

"ಕೇಳಿದ್ಯೇನೇ? ಬಾಯಿ ಉರೀತಿದ್ರೂ ಗೋಮಾತೆನ ನೆನೀತಾರೆ! ಎಂಥಾ ಸಂಸ್ಕಾರ!" ಎಂದು ಇನ್ನೆರಡು ಬಡಿಸಿದರು. ಬಾಸ್ ಮರ್ಯಾದೆಗೆ ತಿಂದರು, ಮತ್ತೆ ನೆನೆದರು. ಅತ್ತೆ ಮತ್ತೆ ಬಡಿಸಿದರು.

ಐದನೇ ಬಜ್ಜಿಗೆ ಗೋಮಾತೆಯೂ ಬರಲಿಲ್ಲ. ಬರೀ "ವಾಟರ್" ಬಂತು.

೩. ಪೂರ್ತಿ ಒಂಬತ್ತು ಗಜ

ಐದನೇ ತಿಂಗಳು. ಮೆಲ್ಬರ್ನ್‌ನಲ್ಲಿ ದೊಡ್ಡ ಕ್ಲೈಂಟ್ ಮುಂದೆ ಪ್ರೆಸೆಂಟೇಷನ್. ನನ್ನ ಕೆಲಸ ಖಾಯಂ ಆಗುವುದು ಅದರ ಮೇಲೇ ನಿಂತಿತ್ತು. ಹಿಂದಿನ ದಿನ ಬಾಸ್ ಭುಜ ತಟ್ಟಿ, "ನಾಳೆ ಅವರಿಗೆ ದ ಹೋಲ್ ನೈನ್ ಯಾರ್ಡ್ಸ್ ತೋರಿಸು," ಅಂದರು.

ಈ ಸಲ ಹುಷಾರಾಗಿ ಕೇಳಿದೆ. "ನೈನ್ ಯಾರ್ಡ್ಸ್? ಪೂರ್ತಿ?"

"ಒಂದಿಂಚೂ ಕಮ್ಮಿ ಬೇಡ!"

ನಮ್ಮ ಸಂಸ್ಕೃತಿಗೆ ಎಷ್ಟು ಬೆಲೆ ಕೊಡುತ್ತಾರಪ್ಪಾ ಎಂದುಕೊಂಡೆ. ಅತ್ತೆಗಂತೂ ಸ್ವರ್ಗ ಮೂರೇ ಗೇಣು. ಬೆಳಿಗ್ಗೆ ಐದಕ್ಕೇ ಎಬ್ಬಿಸಿ, ತಮ್ಮ ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಡಿಸಿ ವಿಮಾನ ಹತ್ತಿಸಿದರು. ಮೆಲ್ಬರ್ನ್ ಟ್ರ್ಯಾಮ್ ಸ್ಟಾಪಿನ ಗಾಳಿಗೆ ನನ್ನ ಸೆರಗು ಹಾರಿ ಇಬ್ಬರ ಕಾಫಿ ಚೆಲ್ಲಿತು.

ಮೀಟಿಂಗ್ ರೂಮಿನಲ್ಲಿ ಎಲ್ಲರೂ ಕಪ್ಪು ಸೂಟು. ನಾನು ಗಿಣಿ ಹಸಿರು, ಕೆಂಪಂಚು. ಬಾಸ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ನಾನೇ ಧೈರ್ಯವಾಗಿ, "ಬಾಸ್ ಹೇಳಿದ ಹಾಗೆ, ಪೂರ್ತಿ ನೈನ್ ಯಾರ್ಡ್ಸ್. ಬೇಕಿದ್ರೆ ಅಳೆದು ನೋಡಿ," ಅಂದೆ.

ಕ್ಲೈಂಟ್ ಕಡೆಯ ಮುಖ್ಯಸ್ಥೆ ಮೇಜು ಹಿಡಿದುಕೊಂಡು ನಗಲು ಶುರು ಮಾಡಿದರು. "ಈ ಮಾತನ್ನ ಹುಟ್ಟಿದಾಗಿಂದ ಕೇಳ್ತಿದ್ದೀನಿ. ಕಣ್ಣಾರೆ ನೋಡಿದ್ದು ಇವತ್ತೇ!"

ಪ್ರಾಜೆಕ್ಟ್ ಸಿಕ್ಕಿತು, ಕೆಲಸವೂ ಖಾಯಂ ಆಯಿತು. ವಾಪಸ್ ಬರುವಾಗ ಬಾಸ್ ಬಿಡಿಸಿ ಹೇಳಿದರು: ಹಾಗೆಂದರೆ ಏನೂ ಬಾಕಿ ಉಳಿಸದೆ ಎಲ್ಲವನ್ನೂ ತೋರಿಸು ಅಂತ. ಆದರೆ ಅದು ಯಾವುದರ ಒಂಬತ್ತು ಗಜ ಎಂದು ಪಂಡಿತರು ಇನ್ನೂ ಜಗಳವಾಡುತ್ತಿದ್ದಾರಂತೆ. ಒಬ್ಬರು ಬಟ್ಟೆ ಅಂತಾರೆ, ಒಬ್ಬರು ಕಾಂಕ್ರೀಟ್ ಅಂತಾರೆ.

ಮನೆಗೆ ಬಂದು ಅತ್ತೆಗೆ ಹೇಳಿದೆ.

"ಕಾಂಕ್ರೀಟಾ?" ಅತ್ತೆ ಸೀರೆ ಮಡಿಸುತ್ತಾ ಅಂದರು. "ಆ ಪಂಡಿತರಿಗೆ ಒಂದ್ಸಲ ಕಚ್ಚೆ ಹಾಕಿ ಉಡಿಸಬೇಕು ಕಣೇ, ಜಗಳ ತಾನೇ ನಿಲ್ಲತ್ತೆ!"