ಕತ್ತಲೆ ಪರಿಶೀಲನಾ ಸಮಿತಿ

ಹೊಳೆಯುವ ನ್ಯಾನೋ ಕಣಗಳ ರಕ್ತಪರೀಕ್ಷೆ ಜಾರಿಗೆ ಬಂದಂದಿನಿಂದ ಆ ಆಸ್ಪತ್ರೆಯಲ್ಲಿ ಒಬ್ಬರಿಗೂ ಹೃದಯಾಘಾತವಾಗಿಲ್ಲವೆಂದು ಆಡಳಿತವು ಹೆಮ್ಮೆಯಿಂದ ಪ್ರಕಟಿಸಿತು.

ಪರೀಕ್ಷೆ ಸರಳ. ರಕ್ತದ ಹನಿಯೊಂದನ್ನು ಕಣಗಳಿರುವ ದ್ರವಕ್ಕೆ ಬೆರೆಸಿ ನೇರಳೆ ದೀಪ ಹಿಡಿಯಬೇಕು. ಪೆಟ್ಟುಬಿದ್ದ ಹೃದಯದಿಂದ ಸೋರಿದ ಪ್ರೋಟೀನು ಅದರಲ್ಲಿದ್ದರೆ ಕಣಗಳು ಹಸಿರಾಗಿ ಹೊಳೆಯುತ್ತವೆ. ಆದರೆ ಆ ಹೊಳಪು ಕತ್ತಲಲ್ಲಷ್ಟೇ ಕಾಣುವಂಥದ್ದು. ಕೆಲಸದ ವೇಳೆಯಲ್ಲಿ ಯಾವ ಕೋಣೆಯ ದೀಪವನ್ನೂ ಆರಿಸಕೂಡದು, ಆರಿಸಿದವರು ನಿದ್ರಿಸುತ್ತಿರುವರೆಂದೇ ಭಾವಿಸತಕ್ಕದ್ದು ಎಂಬುದು ನಿಯಮ. ಹೀಗಾಗಿ ಯಾರ ರಕ್ತವೂ ಹೊಳೆಯಲಿಲ್ಲ. ಹೃದಯಾಘಾತದ ಅನುಮಾನವಿದ್ದ ರೋಗಿಗಳನ್ನೆಲ್ಲ ಲ್ಯಾಬ್ ಮೇಡಂ ಸದ್ದಿಲ್ಲದೆ ಪಕ್ಕದ ಆಸ್ಪತ್ರೆಗೆ ಸಾಗಹಾಕುತ್ತಿದ್ದರು.

ಸ್ವಲ್ಪ ಕತ್ತಲೆ ಮಂಜೂರು ಮಾಡಿ ಎಂದು ಮೇಡಂ ಕೇಳಿದ್ದುಂಟು. ಆಸ್ಪತ್ರೆಯ ಅಧೀಕ್ಷಕರು ಆಕೆಯ ಅಕ್ಕನ ಗಂಡನೇ. ಆದರೂ ಪಕ್ಷಪಾತ ತೋರದೆ ಸಮಿತಿ ನೇಮಿಸಿದರು. ಸಮಿತಿಯವರು ಕಿಟಕಿ ಮುಚ್ಚಿಸಿ, ವಿಶೇಷ ಅನುಮತಿ ಪಡೆದು ದೀಪ ಆರಿಸಿ, ತಲೆಗೊಂದು ಟಾರ್ಚು ಹಿಡಿದು ಮೂಲೆಮೂಲೆಯನ್ನೂ ಜಾಲಾಡಿದರು. 'ಸದರಿ ಕೋಣೆಯಲ್ಲಿ ಎಲ್ಲಿಯೂ ಕತ್ತಲೆ ಕಂಡುಬಂದಿಲ್ಲ' ಎಂದು ಒಮ್ಮತದಿಂದ ತೀರ್ಮಾನವಾಯಿತು. ಮೇಡಂಗೆ ಮೈಯೆಲ್ಲ ಉರಿಯಿತು.

ಒಂದು ಬೆಳಿಗ್ಗೆ ಅಧೀಕ್ಷಕರೇ ಎದೆ ಹಿಡಿದುಕೊಂಡು ಲ್ಯಾಬಿನ ಸ್ಟೂಲಿನ ಮೇಲೆ ಕುಸಿದು ಕೂತರು. ಮುಖವೆಲ್ಲ ಬೆವರು.

"ಭಾವ, ಪಕ್ಕದ ಆಸ್ಪತ್ರೆಗೆ ನಡೀರಿ."

"ಕಚೇರೀಲಿ ಭಾವ ಗೀವ ಅನ್ಬೇಡ. ನಮ್ಮಲ್ಲಿ ಯಾರಿಗೂ ಹೃದಯಾಘಾತ ಆಗಲ್ಲ ಅಂತ ಪ್ರಕಟಿಸಿದೀನಿ. ಇದು ಬರೀ ಗ್ಯಾಸು."

ಅಕ್ಕನ ಮುಖ ನೆನೆದು ಮೇಡಂಗೆ ಜೀವ ಬಾಯಿಗೆ ಬಂತು. "ಆಯ್ತು ಸರ್, ಗ್ಯಾಸೇ. ಬೆರಳು ಕೊಡಿ. ಕೋಟು ಬಿಚ್ಚಿ."

ಹನಿ ರಕ್ತ ಬೆರೆಸಿದ ನಳಿಕೆ, ನೇರಳೆ ದೀಪ, ತಮ್ಮ ತಲೆ, ಭಾವನ ತಲೆ, ಎಲ್ಲದರ ಮೇಲೂ ಮೇಡಂ ಆ ಕರಿಯ ದಪ್ಪ ಕೋಟನ್ನು ಎಳೆದುಕೊಂಡರು. ಕೋಣೆಯ ದೀಪಗಳು ನಿಯಮದಂತೆ ಉರಿಯುತ್ತಲೇ ಇದ್ದವು.

"ಹಸಿರಾಗಿದೆಯಲ್ಲೇ!" ಒಳಗಿನಿಂದ ಅಧೀಕ್ಷಕರ ಸಣ್ಣ ದನಿ ಬಂತು. "ಈಗೇನು ಮಾಡೋದು?"

"ಈಗ ಬಾಯಿ ಮುಚ್ಕೊಂಡು ಮಲಗೋದು, ಭಾವ."

ವೈದ್ಯರು ಓಡಿ ಬಂದರು. ಅಧೀಕ್ಷಕರು ಬದುಕಿದರು. ಅಕ್ಕ ತಂಗಿಯನ್ನು ತಬ್ಬಿಕೊಂಡು ಅತ್ತಳು, ಮೇಡಂ ಕೂಡ ಅತ್ತರು.

ಚೇತರಿಸಿಕೊಂಡು ಬಂದ ಅಧೀಕ್ಷಕರು ಕೃತಜ್ಞತೆ ಮರೆಯುವವರಲ್ಲ. ನಿಯಮವನ್ನು ಮುಟ್ಟಲಿಲ್ಲ, ತಮ್ಮ ಕೋಟನ್ನೇ ಆಸ್ಪತ್ರೆಗೆ ದಾನ ಮಾಡಿ, ಅದನ್ನು ಅಧಿಕೃತ ಪರೀಕ್ಷಾ ಕೊಠಡಿಯೆಂದು ಘೋಷಿಸಿದರು. ಕಾಲರಿಗೆ ನಾಮಫಲಕ ಹೊಲಿಸಿದರು. ಉದ್ಘಾಟನೆಯ ದಿನ ಭಾಷಣಗಳಾದವು. ಕೊಠಡಿ ಎಂದಮೇಲೆ ದೀಪ ಇರಲೇಬೇಕಾದ್ದರಿಂದ, ಎಲೆಕ್ಟ್ರಿಷಿಯನ್ ಬಂದು ಕೋಟಿನ ಒಳಗೆ ಪ್ರಖರವಾದ ದೀಪವೊಂದನ್ನು ಅಳವಡಿಸಿದ. ಸಮಿತಿಯವರು ಸರದಿಯಂತೆ ತಲೆ ತೂರಿಸಿ ನೋಡಿ, ಕತ್ತಲೆ ಇಲ್ಲವೆಂದು ದೃಢಪಡಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೇಡಂ ಕೂಡ ಮನಸಾರೆ ತಟ್ಟಿದರು. ಆಮೇಲೆ ಮೊದಲ ರೋಗಿಯನ್ನು ಲ್ಯಾಬಿನೊಳಗೆ ಕರೆದು, ತಾವು ತೊಟ್ಟು ಬಂದಿದ್ದ ಕರಿಯ ದಪ್ಪ ಕೋಟು ಬಿಚ್ಚಿದರು.